ಶಾಖವನ್ನು ಕಾಣುವ ಕಾವಲುಗಾರ

ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಗೆ ಕಾವಲೆಂದರೆ ಜಗಲಿಯ ಮೇಲೆ ಮಲಗಿ, ಎಲೆ ಅಲುಗಿದರೂ ಕೆಮ್ಮುವ ಹಿರಿಯರು, ಅಂಗಳದಲ್ಲಿ ಒಂದು ನಾಯಿ, ತಲೆಬಾಗಿಲಿಗೆ ಮರದ ಅಗಳಿ, ಇಷ್ಟೆ. ಇಂದು ಪಟ್ಟಣದ ಮನೆಗಳಿಗೆ ಜಗಲಿಯೇ ಇಲ್ಲ. ಹಗಲು ಹೊತ್ತಿನಲ್ಲಿ ಮನೆಯವರೆಲ್ಲರೂ ಕೆಲಸಕ್ಕೋ ಕಾಲೇಜಿಗೋ ಹೋಗಿರುತ್ತಾರೆ. ರಜೆಯ ದಿನಗಳಲ್ಲಿ ಬೀಗ ಹಾಕಿಕೊಂಡು ಪರಊರಿಗೆ ಹೋಗುವುದೂ ಉಂಟು. ಬರಿದಾದ ಆ ಜಗಲಿಯ ಸ್ಥಾನವನ್ನು ತುಂಬಲು ಬಂದಿರುವುದು, ಗೋಡೆಯ ಮೂಲೆಗೆ ಅಂಟಿ ಕುಳಿತಿರುವ ಅಂಗೈಯಗಲದ ಒಂದು ಬಿಳಿಯ ಪೆಟ್ಟಿಗೆ. ಇದೇ ನಿಸ್ತಂತು ಚಲನಶೋಧಕ.

ಎರಡು ವರ್ಷಗಳ ಹಿಂದೆ ನಾವೂ ಇಂಥದೊಂದನ್ನು ಕೊಂಡುತಂದೆವು. ಭೌತವಿಜ್ಞಾನದ ಪಾಠ ಹೇಳುವವರಿಗೆ ಇದರಲ್ಲಿ ಕಲಿಯಬೇಕಾದುದೇನಿದೆ ಎಂಬ ಹಮ್ಮಿನಿಂದ, ಜೊತೆಗೆ ಬಂದಿದ್ದ ಸೂಚನೆಯ ಹಾಳೆಯನ್ನು ಓದುವ ಗೋಜಿಗೇ ಹೋಗಲಿಲ್ಲ. ನಡುಮನೆಯಲ್ಲಿ, ಪಶ್ಚಿಮದ ಕಿಟಕಿಯ ಎದುರಿನ ಗೋಡೆಗೆ ಅದನ್ನು ಅಂಟಿಸಿ, ಬೀಗದ ಕೈಯನ್ನು ಪಕ್ಕದ ಮನೆಯ ಹಿರಿಯರೊಬ್ಬರಿಗೆ ಒಪ್ಪಿಸಿ, ಮದುವೆಗೆಂದು ಹುಬ್ಬಳ್ಳಿಗೆ ಹೊರಟುಹೋದೆವು. ನಾಲ್ಕು ದಿನಗಳಲ್ಲಿ ಎಚ್ಚರಿಕೆಯ ಗಂಟೆ ಮೂರು ಬಾರಿ ಕೂಗಿತು. ಮೊದಲನೆಯ ಬಾರಿ ನಡುರಾತ್ರಿ. ಎಪ್ಪತ್ತು ದಾಟಿದ ಆ ಹಿರಿಯರು ದೊಣ್ಣೆ ಹಿಡಿದು ಓಡಿಬಂದರು. ಎರಡನೆಯ ಬಾರಿ ಮಧ್ಯಾಹ್ನ ನಾಲ್ಕು ಗಂಟೆಗೆ. ಆಗಲೂ ಬಂದು ನೋಡಿದರು. ಮರುದಿನ ಅದೇ ಹೊತ್ತಿಗೆ ಮೂರನೆಯ ಬಾರಿ ಕೂಗಿದಾಗ, ಎದ್ದು ಕುಳಿತವರು ಮತ್ತೆ ಮಲಗಿಬಿಟ್ಟರಂತೆ. ನಾವು ಹಿಂದಿರುಗಿದಾಗ ಬೀಗದ ಕೈಯನ್ನು ನಮ್ಮ ಕೈಗಿಡುತ್ತ, "ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಇನ್ನು ನಿಮ್ಮ ಗಂಟೆ ಕೂಗಿದರೆ ನಾನು ಏಳುವುದಿಲ್ಲ" ಎಂದರು.

ತೋಳ ಬಂತು ತೋಳ ಎಂದು ಸುಳ್ಳು ಕೂಗಿದ ಹುಡುಗನ ಕಥೆಯನ್ನು ಕೇಳದವರಾರು? ನಮ್ಮ ಯಂತ್ರವೂ ಅದನ್ನೇ ಮಾಡಿತ್ತು. ಕಳ್ಳತನವೇನೂ ಆಗಿರಲಿಲ್ಲ, ಆದರೆ ಹಣ ಕೊಟ್ಟು ತರಲಾಗದ ಕಾವಲೊಂದನ್ನು, ನೆರೆಯವರ ನಂಬಿಕೆಯನ್ನು, ನಾವು ಕಳೆದುಕೊಂಡಿದ್ದೆವು. ತಪ್ಪು ಯಂತ್ರದ್ದೋ ಅದನ್ನು ಅಂಟಿಸಿದವರದೋ ಎಂಬುದನ್ನು ತೀರ್ಮಾನಿಸುವ ಮೊದಲು, ಅದು ಏನನ್ನು ಕಾಣುತ್ತದೆ ಎಂಬುದನ್ನು ವಿಚಾರಿಸಬೇಕಾಯಿತು.

ಅದು ಕಾಣುವುದೇನು?

ಹೆಸರು ಚಲನಶೋಧಕವಾದರೂ ಈ ಯಂತ್ರ ಚಲನೆಯನ್ನು ನೇರವಾಗಿ ಕಾಣುವುದಿಲ್ಲ. ಅದು ಕಾಣುವುದು ಶಾಖದ ಬದಲಾವಣೆಯನ್ನು. ೧೮೦೦ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿಯು ಇಂಗ್ಲೆಂಡಿನಲ್ಲಿ ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಬಿಡಿಬಿಡಿಯಾಗಿ ಹರಡಿದ ಬಣ್ಣಗಳಲ್ಲಿ ಉಷ್ಣತಾಮಾಪಕಗಳನ್ನಿಟ್ಟು ನೋಡಿದನು. ಕೆಂಪು ಬಣ್ಣದಾಚೆ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿಯೂ ಪಾದರಸ ಏರಿತು. ಅಲ್ಲಿದ್ದ ಅಗೋಚರ ಕಿರಣಗಳನ್ನೇ ನಾವು ಇಂದು ಅವಕೆಂಪು ಕಿರಣಗಳೆಂದು ಕರೆಯುತ್ತೇವೆ. ಬಿಸಿಯಾದ ವಸ್ತುಗಳೆಲ್ಲವೂ, ನಮ್ಮ ದೇಹವೂ ಸಹ, ಇವನ್ನು ಹಗಲಿರುಳೂ ಹೊರಸೂಸುತ್ತಿರುತ್ತವೆ. ಸುಮಾರು ೩೪ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಚರ್ಮದಿಂದ ಹೊರಡುವ ವಿಕಿರಣವು ೯.೪ ಮೈಕ್ರೊಮೀಟರ್ ಅಲೆಯುದ್ದದ ಆಸುಪಾಸಿನಲ್ಲಿ ಅತ್ಯಂತ ಪ್ರಬಲವಾಗಿರುತ್ತದೆ. ಕೆಂಪು ಬೆಳಕಿನ ಅಲೆಗಿಂತ ಇದು ಹದಿಮೂರು ಮಡಿಯಷ್ಟು ಉದ್ದ. ಹೀಗೆ ಕತ್ತಲೆಯಲ್ಲಿ ಅವಿತು ಬರುವ ಕಳ್ಳನೂ ತನ್ನದೇ ಒಂದು ದೀಪವನ್ನು ಹೊತ್ತು ಬರುತ್ತಾನೆ. ಅದನ್ನು ಆರಿಸುವುದು ಅವನಿಂದಾಗದು.

ಈ ದೀಪವನ್ನು ಗುರುತಿಸುವುದು ಒಂದು ಬಗೆಯ ಸ್ಫಟಿಕ. ೧೮ನೆಯ ಶತಮಾನದ ಆರಂಭದಲ್ಲಿ ಡಚ್ ವರ್ತಕರು ಸಿಂಹಳದಿಂದ ಟೂರ್ಮಲೀನ್ ಎಂಬ ಕಲ್ಲನ್ನು ಯೂರೋಪಿಗೆ ಕೊಂಡೊಯ್ದರು. ಕಾಯಿಸಿದಾಗ ಅದು ಬೂದಿಯ ಕಣಗಳನ್ನು ತನ್ನತ್ತ ಸೆಳೆಯುತ್ತಿದ್ದುದನ್ನು ಕಂಡು, ಅದಕ್ಕೆ ಬೂದಿಸೆಳೆಯುವ ಕಲ್ಲೆಂದೇ ಹೆಸರಿಟ್ಟಿದ್ದರು. ಉಷ್ಣತೆ ಬದಲಾದಾಗ ಸ್ಫಟಿಕದ ಎರಡು ಮೈಗಳಲ್ಲಿ ವಿದ್ಯುದಂಶ ತಲೆದೋರುವುದೇ ಇದಕ್ಕೆ ಕಾರಣ. ಈ ಗುಣಕ್ಕೆ ಡೇವಿಡ್ ಬ್ರೂಸ್ಟರ್ ೧೮೨೪ರಲ್ಲಿ ಕೊಟ್ಟ ಹೆಸರನ್ನು ಅನುಸರಿಸಿ ನಾವು ಪೈರೊವಿದ್ಯುತ್ತು ಎನ್ನಬಹುದು. ಇಂದಿನ ಶೋಧಕಗಳಲ್ಲಿ ಲಿಥಿಯಂ ಟ್ಯಾಂಟಲೇಟ್ ಮೊದಲಾದ ಕೃತಕ ವಸ್ತುಗಳ ತೆಳುವಾದ ತುಣುಕುಗಳಿರುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಸ್ಫಟಿಕವು ಉಷ್ಣತೆಗಲ್ಲ, ಉಷ್ಣತೆಯ ಬದಲಾವಣೆಗೆ ಮಾತ್ರ ಓಗೊಡುತ್ತದೆ. ಇಂಗಿನ ಒಗ್ಗರಣೆಯ ವಾಸನೆ ಅಡಿಗೆಮನೆಗೆ ಕಾಲಿಟ್ಟೊಡನೆ ಮೂಗಿಗೆ ಬಡಿದು, ಐದು ನಿಮಿಷ ಅಲ್ಲಿಯೇ ನಿಂತವರಿಗೆ ತಿಳಿಯದೆ ಹೋಗುವುದಿಲ್ಲವೆ? ಇದೂ ಹಾಗೆಯೇ. ಅಲುಗಾಡದೆ ಕುಳಿತ ಮನುಷ್ಯ ಶೋಧಕದ ಪಾಲಿಗೆ ಇಲ್ಲದವನೇ ಸರಿ. ಇದಲ್ಲದೆ ಪೆಟ್ಟಿಗೆಯಲ್ಲಿ ಎರಡು ಸ್ಫಟಿಕಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಬಿಸಿಲೇರಿ ಇಡೀ ಕೋಣೆ ಬೆಚ್ಚಗಾದರೆ ಎರಡರ ವಿದ್ಯುತ್ತೂ ಪರಸ್ಪರ ಅಳಿದುಹೋಗುತ್ತದೆ. ಮನುಷ್ಯನೊಬ್ಬನು ಅಡ್ಡಹಾದರೆ ಮೊದಲು ಒಂದು, ಅನಂತರ ಇನ್ನೊಂದು ಕೆರಳಿ ಸಂಕೇತ ಹುಟ್ಟುತ್ತದೆ.

ಪೆಟ್ಟಿಗೆಯ ಮುಂಭಾಗದಲ್ಲಿ ಗೀರುಗಳುಳ್ಳ ಹಾಲುಬಣ್ಣದ ಹೊದಿಕೆಯೊಂದಿದೆಯಲ್ಲ, ಅದು ಅಲಂಕಾರಕ್ಕಲ್ಲ, ಅದೊಂದು ಮಸೂರ. ಫ್ರಾನ್ಸಿನ ಫ್ರೆನೆಲ್ ಎಂಬಾತನು ದೀಪಸ್ತಂಭಗಳಿಗಾಗಿ, ದಪ್ಪ ಮಸೂರವನ್ನು ಉಂಗುರಗಳಾಗಿ ಕತ್ತರಿಸಿ ತೆಳುವಾಗಿಸುವ ಉಪಾಯವನ್ನು ಕಂಡುಹಿಡಿದನು. ೧೮೨೩ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಬೆಳಗಿತು. ಅಂದು ಬೆಳಕನ್ನು ಕಡಲಿನತ್ತ ಹೊರಗೆ ಚೆಲ್ಲಿದ ಉಪಾಯ ಇಂದು ಶಾಖವನ್ನು ಒಳಗೆ ಸೆಳೆಯುತ್ತಿದೆ. ಈ ಮಸೂರವನ್ನು ಗಾಜಿನಿಂದ ಮಾಡುವಂತಿಲ್ಲ. ಏಕೆಂದರೆ ದೇಹದ ಅವಕೆಂಪು ಕಿರಣಗಳಿಗೆ ಗಾಜು ಗೋಡೆಯಿದ್ದಂತೆ. ಹಾಲಿನ ಪೊಟ್ಟಣಕ್ಕೆ ಬಳಸುವ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್ಕು ಅವನ್ನು ಬಿಟ್ಟುಕೊಡುತ್ತದೆ. ಶೋಧಕದ ಮುಂದೆ ಒಮ್ಮೆ ಕಿಟಕಿಯ ಗಾಜಿನ ತುಂಡನ್ನೂ ಒಮ್ಮೆ ತೆಳುವಾದ ಪಾಲಿಥೀನ್ ಹಾಳೆಯನ್ನೂ ಹಿಡಿದು, ಅದರ ಹಿಂದೆ ಕೈಯಾಡಿಸಿ ನೋಡಿದರೆ ಈ ಭೇದ ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುವುದು.

ಎಲ್ಲಿಡಬೇಕು?

ಮಸೂರದ ತುಣುಕುಗಳು ಕೋಣೆಯನ್ನು ಬೀಸಣಿಗೆಯ ಕಡ್ಡಿಗಳಂತೆ ಹಲವು ಪಟ್ಟಿಗಳಾಗಿ ವಿಂಗಡಿಸುತ್ತವೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಅಡ್ಡಲಾಗಿ ದಾಟುವವನು ಬೇಗನೆ ಸಿಕ್ಕಿಬೀಳುತ್ತಾನೆ. ಒಂದೇ ಪಟ್ಟಿಯಲ್ಲಿ ಶೋಧಕದತ್ತ ನೇರವಾಗಿ ನಡೆದುಬರುವವನು ಬಹಳ ಹತ್ತಿರ ಬರುವವರೆಗೂ ತಪ್ಪಿಸಿಕೊಳ್ಳಬಹುದು. ಆದುದರಿಂದ ಬಾಗಿಲಿಗೆ ಎದುರಾಗಿ ಇಡುವುದಕ್ಕಿಂತ, ಬಾಗಿಲಿನಿಂದ ಒಳಹೋಗುವ ದಾರಿಯನ್ನು ಪಕ್ಕದಿಂದ ನೋಡುವ ಮೂಲೆಯೇ ಉತ್ತಮ ಸ್ಥಳ. ನೆಲದಿಂದ ಸುಮಾರು ೨ರಿಂದ ೨.೪ ಮೀಟರ್ ಎತ್ತರ ಸರಿಯಾದುದು. ಸಾಮಾನ್ಯ ಶೋಧಕದ ನೋಟ ಹತ್ತು ಹನ್ನೆರಡು ಮೀಟರ್ ದೂರ ಸಾಗುತ್ತದೆ.

ಈಗ ನಮ್ಮ ಮನೆಯ ಮೂರು ಹುಸಿಕೂಗುಗಳ ರಹಸ್ಯವನ್ನು ಬಿಡಿಸಬಹುದು. ಪೆಟ್ಟಿಗೆಯ ಮೇಲೆ ಹಲ್ಲಿಯ ಹಿಕ್ಕೆ ಬಿದ್ದಿತ್ತು. ಮಸೂರದ ಮೇಲೆಯೇ ಹರಿದಾಡುವ ಹಲ್ಲಿ, ದೂರದಿಂದ ಬರುತ್ತಿರುವ ಕಿರಣಗಳನ್ನು ಒಮ್ಮೆ ಮುಚ್ಚಿ ಒಮ್ಮೆ ತೆರೆಯುತ್ತದೆ. ಶೋಧಕದ ದೃಷ್ಟಿಯಲ್ಲಿ ಅದು ಆನೆಯಷ್ಟು ದೊಡ್ಡದು. ನಡುರಾತ್ರಿಯ ಕಳ್ಳ ಇವನೇ ಎಂದು ಊಹಿಸಿದೆವು. ನಾಲ್ಕು ಗಂಟೆಯ ಕಳ್ಳನಾದರೋ ಸಾಕ್ಷಾತ್ ಸೂರ್ಯ! ಇಳಿಬಿಸಿಲು ಗಾಜನ್ನು ಹಾದು ಕಿಟಕಿಯ ಪರದೆಯನ್ನು ಕಾಯಿಸುತ್ತಿತ್ತು. ತೆರೆದಿಟ್ಟ ಮೇಲ್ಗಿಂಡಿಯ ಗಾಳಿಗೆ ಆ ಬಿಸಿಪರದೆ ಅತ್ತಿತ್ತ ಓಲಾಡುತ್ತಿತ್ತು. ಬೆಚ್ಚಗಿನ ವಸ್ತುವೊಂದು ಅಡ್ಡಾಡುತ್ತಿದೆ ಎಂದು ಶೋಧಕ ವರದಿಮಾಡಿತು. ಅದರ ಮಟ್ಟಿಗೆ ಅದು ನಿಜವನ್ನೇ ನುಡಿದಿತ್ತು. ಸುಳ್ಳಾದುದು ನಾವು ಆರಿಸಿದ ಸ್ಥಳ. ಬಿಸಿಲು ಬೀಳುವ ಕಿಟಕಿ, ಒಲೆ, ದೇವರ ಮುಂದಿನ ದೀಪ, ಶೀತಕಯಂತ್ರದ ಗಾಳಿ ಇವುಗಳತ್ತ ಶೋಧಕವನ್ನು ಮುಖಮಾಡಿಸಬಾರದು.

ಇದಕ್ಕೆ ತದ್ವಿರುದ್ಧವಾದ ದೋಷ ಇನ್ನೂ ಅಪಾಯಕರವಾದುದು. ಅದು ಕೂಗಬೇಕಾದಾಗ ಕೂಗದಿರುವುದು. ಸ್ಟೆಫಾನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು. ಚರ್ಮ, ಗೋಡೆ ಎರಡನ್ನೂ ಪರಿಪೂರ್ಣ ವಿಕಿರಣಕಾರಿಗಳೆಂದು ಎಣಿಸಿದರೆ, ೨೪ ಡಿಗ್ರಿಯ ಗೋಡೆಯ ಮುಂದೆ ೩೪ ಡಿಗ್ರಿಯ ಚರ್ಮವು ಚದರ ಮೀಟರಿಗೆ ಸುಮಾರು ೬೨ ವಾಟ್ ಹೆಚ್ಚು ವಿಕಿರಣವನ್ನು ಸೂಸುತ್ತದೆ. ಗೋಡೆ ೩೨ ಡಿಗ್ರಿಗೇರಿದರೆ ಈ ವ್ಯತ್ಯಾಸ ೧೩ ವಾಟಿಗೆ, ಎಂದರೆ ಐದನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಬೆಂಗಳೂರಿನ ಚಳಿಗಾಲದ ರಾತ್ರಿಯಲ್ಲಿ ಚುರುಕಾಗಿರುವ ಶೋಧಕ, ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಮಂಕಾಗುವುದು ಇದರಿಂದಲೇ. ಗೋಡೆ ಚರ್ಮಕ್ಕಿಂತಲೂ ಬಿಸಿಯಾದರೆ ಮನುಷ್ಯ ತಣ್ಣನೆಯ ನೆರಳಿನಂತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಎರಡೂ ಸಮನಾದ ಹೊತ್ತೇ ಕುರುಡು ಹೊತ್ತು. ಉಷ್ಣತೆಗೆ ತಕ್ಕಂತೆ ತನ್ನ ಚುರುಕನ್ನು ಹೆಚ್ಚಿಸಿಕೊಳ್ಳುವ ಏರ್ಪಾಡುಳ್ಳ ಶೋಧಕಗಳೂ ಉಂಟು. ಬಿಸಿ ನಾಡಿನವರು ಅಂಥವನ್ನೇ ಆರಿಸುವುದು ಲೇಸು.

ತಂತಿಯಿಲ್ಲದ ಸುದ್ದಿ

ಶೋಧಕ ಕಂಡುದನ್ನು ಗಂಟೆಗೆ ತಿಳಿಸುವುದು ರೇಡಿಯೋ ಅಲೆ. ಗೋಡೆಯಾಚೆಗಿನ ಗಂಟೆಯನ್ನು ಕಾಣದ ಅಲೆಗಳಿಂದ ಬಾರಿಸಿ ತೋರಿಸುವ ಪ್ರಯೋಗವನ್ನು ಜಗದೀಶಚಂದ್ರ ಬೋಸರು ೧೯ನೆಯ ಶತಮಾನದ ಕೊನೆಯ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಮಾಡಿದ್ದರು. ನಮ್ಮ ಪೆಟ್ಟಿಗೆ ಮಾಡುವುದು ಅದೇ ಕೆಲಸವನ್ನು. ೮೬೬ ಮೆಗಾಹರ್ಟ್ಸಿನಲ್ಲಿ ನುಡಿಯುವ ಶೋಧಕದ ಅಲೆಯುದ್ದ ಸುಮಾರು ೩೫ ಸೆಂಟಿಮೀಟರ್. ಇಂಥ ಅಲೆ ಇಟ್ಟಿಗೆಯ ಗೋಡೆಯನ್ನು ಹಾಯುತ್ತದೆ. ಆದರೆ ಲೋಹಕ್ಕೆ ಸೋಲುತ್ತದೆ. ಗಂಟೆಯ ಗ್ರಾಹಕವನ್ನು ಉಕ್ಕಿನ ಬೀರುವಿನ ಹಿಂದೆ ಬಚ್ಚಿಟ್ಟರೆ ಅದು ಕಿವುಡಾದೀತು. ಕಂಬಿ ಕಟ್ಟಿದ ಕಾಂಕ್ರೀಟು, ದೊಡ್ಡ ಕನ್ನಡಿ, ನೀರಿನ ತೊಟ್ಟಿಗಳೂ ಅಲೆಯನ್ನು ಕುಂದಿಸುತ್ತವೆ.

ಅಗ್ಗದ ಶೋಧಕಗಳು ಕಂಡಾಗ ಮಾತ್ರ ನುಡಿಯುತ್ತವೆ. ಉತ್ತಮವಾದವು ಆಗಾಗ್ಗೆ ತಾವಾಗಿಯೇ ಕ್ಷೇಮಸಮಾಚಾರ ಕಳುಹಿಸುತ್ತಿರುತ್ತವೆ. ಅದು ಬಾರದಿದ್ದರೆ ಗ್ರಾಹಕವು ಮನೆಯವರನ್ನು ಎಚ್ಚರಿಸುತ್ತದೆ. ಸದಾ ಒಂದೇ ಸಂಕೇತವನ್ನು ಕಳುಹಿಸುವ ಸಾಧನವನ್ನು, ಆ ಸಂಕೇತವನ್ನು ಹಿಡಿದಿಟ್ಟುಕೊಂಡು ಮರುನುಡಿಸಿ ವಂಚಿಸುವುದು ಸಾಧ್ಯ. ಬಾರಿಬಾರಿಗೂ ಸಂಕೇತವನ್ನು ಬದಲಾಯಿಸುವ ಸಾಧನವೇ ಮೇಲು.

ಪಾಲನೆ

ಶೋಧಕದ ಪ್ರಾಣ ಅದರ ಬ್ಯಾಟರಿಯಲ್ಲಿದೆ. ೧೫೦೦ ಮಿಲಿಆಂಪಿಯರ್-ಗಂಟೆಯ ಲಿಥಿಯಂ ಕೋಶದಿಂದ ಕಾಯುವ ಸ್ಥಿತಿಯಲ್ಲಿ ೫೦ ಮೈಕ್ರೊಆಂಪಿಯರ್ ವ್ಯಯವಾಗುತ್ತದೆಂದು ಭಾವಿಸಿದರೆ, ಅದು ೩೦,೦೦೦ ಗಂಟೆ, ಎಂದರೆ ಮೂರು ವರ್ಷಕ್ಕೂ ಮೇಲ್ಪಟ್ಟು ಬಾಳಬೇಕು. ಆದರೆ ಸುದ್ದಿ ಕಳುಹಿಸುವ ಕ್ಷಣದಲ್ಲಿ ಅದರ ನೂರಾರು ಮಡಿ ವಿದ್ಯುತ್ತು ಬೇಕಾಗುತ್ತದೆ. ಜನ ಸದಾ ಓಡಾಡುವ ಕೋಣೆಯಲ್ಲಿ ಆಯುಸ್ಸು ಅಷ್ಟಕ್ಕಷ್ಟೆ. ಈ ವೆಚ್ಚವನ್ನು ತಗ್ಗಿಸಲು ಅನೇಕ ಶೋಧಕಗಳು ಒಮ್ಮೆ ನುಡಿದ ಮೇಲೆ ಕೆಲವು ನಿಮಿಷ ಮೌನವಾಗಿರುತ್ತವೆ. ಅದನ್ನು ಪರೀಕ್ಷಿಸುವವರು ಕೋಣೆಯನ್ನು ಸ್ವಲ್ಪ ಹೊತ್ತು ಬಿಟ್ಟಿದ್ದು ಆಮೇಲೆ ಒಳಹೊಕ್ಕು ನೋಡಬೇಕು. ಇಲ್ಲದಿದ್ದರೆ ಕೆಟ್ಟಿದೆಯೆಂದು ಭ್ರಮಿಸಿಯಾರು.

ತಿಂಗಳಿಗೊಮ್ಮೆ ನಡೆದು ಪರೀಕ್ಷಿಸುವುದು, ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮಸೂರದ ಧೂಳನ್ನೂ ಜೇಡರ ಬಲೆಯನ್ನೂ ಒರೆಸುವುದು, ತಂತಿ ಮತ್ತು ಮೊಳೆಗಳಿಗಾಗಿ ಬಿಟ್ಟ ರಂಧ್ರಗಳನ್ನು ಇರುವೆ ನುಗ್ಗದಂತೆ ಮುಚ್ಚುವುದು, ಸುಣ್ಣಬಣ್ಣ ಬಳಿಯುವಾಗ ಮಸೂರಕ್ಕೆ ಬಣ್ಣ ತಾಗದಂತೆ ನೋಡಿಕೊಳ್ಳುವುದು ಇಷ್ಟನ್ನು ಮರೆಯಬಾರದು. ಮಲೆನಾಡು ಕರಾವಳಿಗಳಲ್ಲಿ ಮಳೆಗಾಲ ಮುಗಿದೊಡನೆ ಬ್ಯಾಟರಿಯ ತುದಿಗಳಿಗೆ ಕಿಲುಬು ಹಿಡಿದಿದೆಯೇ ಎಂದು ನೋಡಬೇಕು. ಬ್ಯಾಟರಿ ಹಾಕಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಮುಚ್ಚಳದೊಳಗೆ ಅಂಟಿಸುವುದು ಒಳ್ಳೆಯ ಅಭ್ಯಾಸ. ಕರೆಂಟು ಹೋದಾಗಲೂ ಗಂಟೆಯ ಪೆಟ್ಟಿಗೆ ಎಚ್ಚರವಾಗಿರುವಂತೆ ಅದಕ್ಕೂ ಬ್ಯಾಟರಿಯ ಆಸರೆ ಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಇನ್ನೊಂದು ಮಾತು: ಶೋಧಕ ಬೀಗದ ಸಹಾಯಕನೇ ಹೊರತು ಬೀಗಕ್ಕೆ ಬದಲಲ್ಲ.

ನಾವು ಪೆಟ್ಟಿಗೆಯನ್ನು ಕಿತ್ತು ಕಿಟಕಿಯ ಪಕ್ಕದ ಮೂಲೆಯಲ್ಲಿ, ಕಿಟಕಿಗೆ ಬೆನ್ನಾಗುವಂತೆ ನಿಲ್ಲಿಸಿದೆವು. ಹಲ್ಲಿ ಅವಿತುಕೊಳ್ಳುತ್ತಿದ್ದ ಸಂದುಗಳನ್ನು ಮುಚ್ಚಿದೆವು. ಒಂದು ತಿಂಗಳು ಗಂಟೆಯ ಸದ್ದಡಗಿಸಿ, ಶೋಧಕ ಕೊಟ್ಟ ಸೂಚನೆಗಳನ್ನು ಮಾತ್ರ ಪುಸ್ತಕದಲ್ಲಿ ಬರೆದಿಟ್ಟೆವು. ಹುಸಿಕೂಗು ಒಂದೂ ಇರಲಿಲ್ಲ. ಆ ಪುಸ್ತಕವನ್ನು ನೆರೆಮನೆಯ ಹಿರಿಯರಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಪುಟಪುಟವನ್ನೂ ನೋಡಿ, ಬೀಗದ ಕೈಗಾಗಿ ಕೈನೀಡಿದರು.

ಕಳೆದ ದಸರೆಯಲ್ಲಿ ನಾವು ಊರಲ್ಲಿಲ್ಲದಾಗ ಅವರಿಂದ ಕರೆ ಬಂದಿತು. "ಮೇಷ್ಟ್ರೇ, ಗಂಟೆ ಕೂಗಿತು, ಹೋಗಿ ನೋಡಿದೆ. ನಿಮ್ಮ ಸೋದರಮಾವ ತಮ್ಮ ಬಳಿಯಿದ್ದ ಕೈಯಿಂದ ಹಿತ್ತಿಲ ಬಾಗಿಲು ತೆಗೆದು ಒಳಗೆ ಬಂದಿದ್ದಾರೆ, ಕಾಫಿಗೆ ನೀರಿಟ್ಟಿದ್ದಾರೆ." ಗಂಟೆ ಈ ಬಾರಿ ಸುಳ್ಳಾಡಿರಲಿಲ್ಲ, ಹಿರಿಯರೂ ಎದ್ದು ಬಂದಿದ್ದರು.