ಮುಳ್ಳು ಅಲುಗಬಾರದು
ಲೇತಿನ ಫೋರ್ ಜಾ ಚಕ್ಕಿಗೆ, ಅಂದರೆ ನಾಲ್ಕು ದವಡೆಗಳ ಹಿಡಿತಕ್ಕೆ, ಕಟ್ಟಿದ ಕಬ್ಬಿಣದ ದುಂಡು ನಿಧಾನಕ್ಕೆ ತಿರುಗುತ್ತಿದೆ. ಆಪರೇಟರ್ ಸೀಮೆಸುಣ್ಣದ ತುಂಡೊಂದನ್ನು ಅದರ ಹತ್ತಿರ ತರುತ್ತಾರೆ. ಬಿಳಿ ಗೀಟು ಸುತ್ತಲೂ ಬೀಳದೆ ಒಂದೇ ಪಕ್ಕಕ್ಕೆ ಬಿತ್ತು. ಜಾಬ್, ಅಂದರೆ ಆ ದುಂಡು, ಔಟ್ ಇದೆ. ಗೀಟು ಬಿದ್ದ ಕಡೆ ಹೊರಕ್ಕೆ ಸರಿದಿದೆ.

ಬೆಂಗಳೂರಿನ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ರಾಜಾಜಿನಗರ ಕೈಗಾರಿಕಾ ವಸಾಹತಿನ ಲೇತ್ ಅಂಗಡಿಗಳಲ್ಲಿ ಕೆಲಸ ಶುರುವಾಗುವುದೇ ಜಾಬನ್ನು ಸೆಂಟರ್ ಮಾಡುವುದರಿಂದ, ಅಂದರೆ ತಿರುಗುವ ನಡುಗೆರೆಗೆ ಕೂರಿಸುವುದರಿಂದ. ಸೀಮೆಸುಣ್ಣ ದಿಕ್ಕು ತೋರಿಸುತ್ತದೆ, ಅಳತೆ ಹೇಳುವುದು ಡಯಲ್ ಗೇಜು. ಮ್ಯಾಗ್ನೆಟ್ ಸ್ಟ್ಯಾಂಡಿನಲ್ಲಿ ಕೂತ ಈ ಪುಟ್ಟ ಗಡಿಯಾರದಲ್ಲಿ ಒಂದು ಗೀಟೆಂದರೆ 0.01 ಮಿ.ಮೀ. ತಲೆಗೂದಲಿನ ದಪ್ಪವೇ ಸುಮಾರು 0.07 ಮಿ.ಮೀ.

ಚಕ್ಕನ್ನು ಕೈಯಲ್ಲಿ ತಿರುಗಿಸಿದಾಗ ಒಂದು ಜಾ ಬಳಿ ಮುಳ್ಳು ಸೊನ್ನೆಯಲ್ಲಿತ್ತು, ಎದುರಿನ ಜಾ ಬಳಿ 40 ಗೀಟು ಓಡಿತು ಎನ್ನೋಣ. ಸರಿಸಬೇಕಾದದ್ದು 40 ಅಲ್ಲ, ಅದರ ಅರ್ಧ, 20. ಪೂರ್ತಿ 40 ಸರಿಸಿದರೆ ಔಟ್ ಆಚೆ ಪಕ್ಕಕ್ಕೆ ಹೋಗಿ ಕೂರುತ್ತದೆ. ಹೊಸಬರು ಎಡವುವುದು ಇಲ್ಲೇ. ಒಂದು ಜಾ ಸಡಿಲಿಸಬೇಕು, ಎದುರಿನದನ್ನು ಬಿಗಿಯಬೇಕು. ಆ ಜೋಡಿ ಸರಿಯಾದ ಮೇಲೆ ಇನ್ನೊಂದು ಜೋಡಿ.

1953ರಲ್ಲಿ ಹುಟ್ಟಿದ ಯಂತ್ರೋಪಕರಣ ಕಾರ್ಖಾನೆ ಎಚ್‌ಎಂಟಿ ಬೆಂಗಳೂರಿಗೆ ಲೇತಿನ ರೂಢಿ ಹಿಡಿಸಿತು. ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾಯಿತು. ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಬರುವ ಹುಡುಗ ಹುಡುಗಿಯರ ಕೈಗೆ ಇಂಥ ಅಳತೆಯ ಶಿಸ್ತನ್ನು ಕಲಿಸುವ ಸಂಸ್ಥೆ ಮನೆಯ ಪಕ್ಕದಲ್ಲೇ ಇರುವುದು ಪಶ್ಚಿಮ ಬೆಂಗಳೂರಿನ ಭಾಗ್ಯ.

ಈ ಕೌಶಲಕ್ಕೆ ಕಠಿಣ ಪರೀಕ್ಷೆ ಒಡ್ಡುವುದು ಗುರಿಸ್ಪರ್ಧೆಯ ರೈಫಲ್ಲಿನ ನಳಿಗೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದವರು ಇದಕ್ಕೆ ಕೈಹಾಕುವಂತಿಲ್ಲ. ತೋಟಾ ಕೂರುವ ಗೂಡು ನಳಿಗೆಯ ತೂತಿನ ನಡುಗೆರೆಯಲ್ಲೇ ಇರಬೇಕು. ಉದ್ದಕ್ಕೆ ಕೊರೆದ ತೂತು ಒಳಗೊಳಗೇ ಕೊಂಚ ವಾಲಿರುತ್ತದೆ, ಹೊರಮೈ ನಂಬಿದರೆ ಕೆಟ್ಟಿತು. ಅದಕ್ಕೇ ಡಯಲ್ಲಿನ ಉದ್ದನೆಯ ಕಡ್ಡಿಯನ್ನು ತೂತಿನೊಳಗೇ ತಾಗಿಸುತ್ತಾರೆ, ಇಲ್ಲವೇ ತೂತಿಗೆ ಬಿಗಿಯಾಗಿ ಕೂರುವ ಸರಳನ್ನು ತೂರಿಸಿ ಅದರ ಮೇಲೆ ಓದುತ್ತಾರೆ. ನಳಿಗೆಯ ಮೂತಿಯ ತುದಿಯನ್ನು ಸ್ಪಿಂಡಲ್ಲಿನ ಆಚೆ ಬದಿಯಲ್ಲಿ ನಾಲ್ಕು ಬೋಲ್ಟ್ ಹಿಡಿದಿರುತ್ತವೆ. ಒಂದು ತುದಿ ಸರಿಸಿದರೆ ಇನ್ನೊಂದು ಕದಲುತ್ತದೆ.

ಕಾಮಾಕ್ಷಿಪಾಳ್ಯದಲ್ಲಿ ಬುಷ್ಷಿನ, ಅಂದರೆ ತೂತಿರುವ ಕೊಳವೆಯಂಥ ಬಿಡಿಭಾಗದ, ಹೊರಮೈ ತಿರುವುವಾಗಲೂ ಇದೇ ನಿಯಮ: ತೂತು ಮೊದಲೇ ಫಿನಿಶ್ ಆಗಿದ್ದರೆ ಡಯಲ್ ತೂತಿಗೇ ಹಿಡಿಯಬೇಕು. ಜಾ ಕಚ್ಚಿ ಗುರುತು ಬೀಳದಂತೆ ತಾಮ್ರದ ತಗಡು ಕೊಡುತ್ತಾರೆ. ಕೊನೆಗೆ ನಾಲ್ಕೂ ಜಾ ಬಿಗಿದು ಮತ್ತೊಮ್ಮೆ ಡಯಲ್ ನೋಡುತ್ತಾರೆ, ಏಕೆಂದರೆ ಆ ಕಡೆಯ ಬಿಗಿತಕ್ಕೇ ಜಾಬ್ ಒಂದೆರಡು ಗೀಟು ಜರುಗಿರುತ್ತದೆ.