ಸಂಧಿವಾತ, ಸಂಧಿಪದಿ ಮತ್ತು ಪಿಯುಸಿ ಬಯಾಲಜಿ

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ವಿಜ್ಞಾನ ಓದಿ, ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡ ಮಕ್ಕಳಿಗೆ ಮೊದಲ ತಿಂಗಳೇ ದೊಡ್ಡ ಪರೀಕ್ಷೆ. ಗಣಿತದಲ್ಲಿ ಅಂಕಿಗಳಾದರೂ ಹಳೆಯ ಪರಿಚಯದವು. ಬಯಾಲಜಿ ಪುಸ್ತಕ ತೆರೆದರೆ ಪುಟದ ತುಂಬ ಉದ್ದುದ್ದ ಇಂಗ್ಲಿಷ್ ಪದಗಳು. ಉಪನ್ಯಾಸಕರು ಮುಂದಿನ ಸಾಲಿಗೆ ಹೋಗಿರುತ್ತಾರೆ, ಮಗು ಹಿಂದಿನ ಪದದ ಸ್ಪೆಲ್ಲಿಂಗ್ ಹತ್ತಿರವೇ ನಿಂತಿರುತ್ತದೆ. "ನನಗೆ ಸೈನ್ಸ್ ಬೇಡ, ಆರ್ಟ್ಸಿಗೆ ಹೋಗುತ್ತೇನೆ" ಎಂಬ ಮಾತು ಎಷ್ಟೋ ಮನೆಗಳಲ್ಲಿ ಹುಟ್ಟುವುದು ಆಗಲೇ. ಆರ್ಟ್ಸ್ ಇಷ್ಟಪಟ್ಟು ಓದಿದರೆ ಸಂತೋಷ. ಪದಗಳಿಗೆ ಹೆದರಿ ಓಡಿದರೆ ಮಾತ್ರ ಬೇಸರ.

ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನ ಲೆಡ್ಜರುಗಳ ನಡುವೆ. ಹೋದ ವರ್ಷ ನನ್ನ ಮೊಮ್ಮಗಳು ಇದೇ ಭಯದಲ್ಲಿ ಕುಳಿತಿದ್ದಳು. ಅವಳ ಹತ್ತನೇ ತರಗತಿಯವರೆಗಿನ ಕನ್ನಡ ಪುಸ್ತಕಗಳು ರದ್ದಿಯ ಕಟ್ಟಿನಲ್ಲಿದ್ದವು. ಅವನ್ನು ಬಿಚ್ಚಿ, ಹೊಸ ಪುಸ್ತಕದ ಪಕ್ಕದಲ್ಲಿಟ್ಟು ಇಬ್ಬರೂ ನೋಡಿದೆವು. ಆಗ ಒಂದು ಸಂಗತಿ ಗೊತ್ತಾಯಿತು. ಬಯಾಲಜಿಯ ಎಷ್ಟೋ ಪದಗಳು ಇಂಗ್ಲಿಷಿನವೇ ಅಲ್ಲ. ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಪೋಣಿಸಿ ಮಾಡಿದವು. ನಮ್ಮ ಹಿರಿಯರು ಆ ತುಂಡುಗಳನ್ನೇ ಒಂದೊಂದಾಗಿ ತಿಳಿದು ಕನ್ನಡ ಪದ ಕಟ್ಟಿದ್ದಾರೆ. ಕನ್ನಡದ ಪದ ಗೊತ್ತಿರುವ ಮಗುವಿಗೆ ಅರ್ಥ ಆಗಲೇ ಗೊತ್ತಿದೆ!

ಫೋಟೋಸಿಂಥೆಸಿಸ್ ನೋಡಿ. ಫೋಟೋ ಎಂದರೆ ಬೆಳಕು, ಸಿಂಥೆಸಿಸ್ ಎಂದರೆ ಜೋಡಿಸುವುದು. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ಕ್ಲೋರೋಫಿಲ್‌ನಲ್ಲಿ ಕ್ಲೋರೋ ಹಸಿರು, ಫಿಲ್ ಎಲೆ. ನಮ್ಮ ಪತ್ರಹರಿತ್ತಿನಲ್ಲಿ ಪತ್ರ ಎಲೆ, ಹರಿತ್ತು ಹಸಿರು. ಆಂಫಿಬಿಯನ್‌ನಲ್ಲಿ ಆಂಫಿ ಎಂದರೆ ಎರಡೂ ಕಡೆ, ಬಯೋಸ್ ಎಂದರೆ ಬದುಕು. ನೀರಿನಲ್ಲೂ ನೆಲದಲ್ಲೂ ಬದುಕುವ ಕಪ್ಪೆಯನ್ನು ನಾವು ಉಭಯವಾಸಿ ಎನ್ನುತ್ತೇವೆ.

ಈಗ ಅಜ್ಜಿಯರ ಸರದಿ. ಮೊಣಕಾಲು ನೋವೆಂದು ಹೋದರೆ ಡಾಕ್ಟರು ಆರ್ಥ್ರೈಟಿಸ್ ಎಂದು ಬರೆಯುತ್ತಾರೆ, ಮನೆಗೆ ಬಂದು ನಾವು ಸಂಧಿವಾತ ಎನ್ನುತ್ತೇವೆ. ಆರ್ಥ್ರಾನ್ ಎಂದರೆ ಗ್ರೀಕಿನಲ್ಲಿ ಕೀಲು, ಅಂದರೆ ಸಂಧಿ. ಪಾಡ್ ಎಂದರೆ ಪಾದ. ಎರಡೂ ಸೇರಿದರೆ ಆರ್ಥ್ರೋಪಾಡ್, ಕನ್ನಡದಲ್ಲಿ ಸಂಧಿಪದಿ. ಜಿರಲೆ, ಏಡಿ, ಚೇಳು, ಜೇಡ ಎಲ್ಲವೂ ಕೀಲುಗಾಲಿನ ಈ ಗುಂಪಿಗೆ ಸೇರಿದವು. ಅಜ್ಜಿಯ ಮಂಡಿ ನೆನಪಿದ್ದರೆ ಈ ಪದ ಪರೀಕ್ಷೆಯಲ್ಲಿ ಮರೆಯುವುದುಂಟೆ? ಚರ್ಮದ ವೈದ್ಯರನ್ನು ಡರ್ಮಟಾಲಜಿಸ್ಟ್ ಎನ್ನುವುದು ನಿಮಗೆ ಗೊತ್ತು. ಆ ಡರ್ಮವೇ ಎಕೈನೋಡರ್ಮ್‌ನಲ್ಲೂ ಇದೆ. ಅದು ಮುಳ್ಳುಚರ್ಮದ ಪ್ರಾಣಿ, ಕಂಟಕಚರ್ಮಿ. ನಕ್ಷತ್ರ ಮೀನು ಈ ಗುಂಪಿನದು. ಹೆಸರಿನಲ್ಲಿ ಮೀನಿದ್ದರೂ ಅದು ಮೀನಲ್ಲ.

ಬ್ಯಾಂಕಿನವನಾದ ನನಗೆ ಬಹಳ ಹಿಡಿಸಿದ ಪದ ಜೀವಕೋಶ. 1665ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ, ಬಿರಡೆಯ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡ ಪುಟ್ಟ ಕೋಣೆಗಳನ್ನು 'ಸೆಲ್' ಎಂದು ಕರೆದರೆಂಬುದು ಪುಸ್ತಕದಲ್ಲಿದೆ. ಕನ್ನಡದಲ್ಲಿ ಕೋಶ ಎಂದರೆ ಬೊಕ್ಕಸವೂ ಹೌದು. ಸಂಘದ ಹಣ ನೋಡಿಕೊಳ್ಳುವವರು ಕೋಶಾಧ್ಯಕ್ಷರು ತಾನೇ? ಖಾಲಿ ಕೋಣೆಗಿಂತ ಬೊಕ್ಕಸ ಎಂಬ ಅರ್ಥವೇ ಜೀವಕೋಶಕ್ಕೆ ಒಪ್ಪುತ್ತದೆ. ಅದರೊಳಗೆ ಬೇಕಾದಷ್ಟು ಸಂಪತ್ತಿದೆ.

ಗಿಡಮರಗಳ ವೈಜ್ಞಾನಿಕ ಹೆಸರುಗಳನ್ನೂ ಹೀಗೇ ಬಿಡಿಸಬಹುದು. ಸ್ವೀಡನ್ನಿನ ಲಿನೇಯಸ್ 1753ರ ತಮ್ಮ ಗ್ರಂಥದಲ್ಲಿ ಸಸ್ಯಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟರು. ಮಾವು ಮ್ಯಾಂಜಿಫೆರಾ ಇಂಡಿಕಾ. 'ಫೆರಾ' ಎಂದರೆ ಹೊರುವುದು. ಮಾವು ಹೊರುವ, ಭಾರತದ ಮರ. ತೆಂಗು ಕೋಕೋಸ್ ನ್ಯೂಸಿಫೆರಾ, ಕಾಯಿ ಹೊರುವ ಮರ. ದಾಸವಾಳದ ಹೆಸರಿನ ಕೊನೆಯ 'ಸೈನೆನ್ಸಿಸ್' ಎಂದರೆ ಚೀನಾದ್ದು. ಬರೆಯುವಾಗ ಮೊದಲ ಪದದ ಮೊದಲಕ್ಷರ ದೊಡ್ಡದು, ಎರಡನೆಯದು ಚಿಕ್ಕದು. ಕೈಬರಹದಲ್ಲಿ ಎರಡಕ್ಕೂ ಬೇರೆಬೇರೆ ಅಡಿಗೆರೆ ಎಳೆಯಬೇಕು. ಅಂಕ ಹೋಗುವುದು ಇಂಥ ಸಣ್ಣ ಕಡೆಯಲ್ಲೇ.

ಮಕ್ಕಳೇ, ಒಂದು ನೋಟ್‌ಬುಕ್ಕಿನಲ್ಲಿ ಲೆಡ್ಜರಿನಂತೆ ನಾಲ್ಕು ಕಲಂ ಎಳೆಯಿರಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಅದರ ತುಂಡುಗಳ ಅರ್ಥ, ಮೂರನೆಯದರಲ್ಲಿ ಕನ್ನಡ ಪದ, ನಾಲ್ಕನೆಯದರಲ್ಲಿ ಮನೆಯಲ್ಲೋ ಹಿತ್ತಲಲ್ಲೋ ಸಿಗುವ ಒಂದು ಉದಾಹರಣೆ. ದಿನಕ್ಕೆ 5 ಪದ ಸಾಕು, 20 ದಿನಕ್ಕೆ 100 ಆಗುತ್ತದೆ. ಉತ್ತರ ಬರೆಯುವುದು ಇಂಗ್ಲಿಷಿನಲ್ಲಾದ್ದರಿಂದ ಸ್ಪೆಲ್ಲಿಂಗ್ ಅನ್ನು ಮಾತ್ರ ಕೈಯಿಂದ ಬರೆದೇ ಕಲಿಯಬೇಕು. ಅದಕ್ಕೆ ಅಡ್ಡದಾರಿಯಿಲ್ಲ.

ಅಜ್ಜ ಅಜ್ಜಿಯರೇ, ನಿಮಗೆ ಬಯಾಲಜಿ ಬರಬೇಕಿಲ್ಲ. ಸಂಜೆ ಪಕ್ಕದಲ್ಲಿ ಕುಳಿತು "ಹಾಗಂದರೇನು, ನನಗೆ ಹೇಳು" ಎಂದು ಕೇಳಿದರೆ ಸಾಕು. ನಿಮಗೆ ತಿಳಿಯುವಂತೆ ಹೇಳಲು ಬಂದರೆ ಮಗುವಿಗೆ ತಿಳಿದಿದೆ ಎಂದರ್ಥ. ಓದುವ ಆಸಕ್ತಿಯಿದ್ದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇಬ್ಬರೂ ಓದಿ. ಡಿ.ವಿ.ಜಿ.ಯವರ ಮಗನಾದ ಸ್ವಾಮಿಯವರು ಸಸ್ಯವಿಜ್ಞಾನಿ. ಗಿಡಮರಗಳ ಕಥೆ ಹೇಳುವ ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮೊದಲ ಪಾಠವನ್ನು ಇವತ್ತು ರಾತ್ರಿಯೇ ಶುರು ಮಾಡಬಹುದು. ಒಂದು ಹಿಡಿ ಹೆಸರುಕಾಳು, ನಾಲ್ಕು ಮುಸುಕಿನ ಜೋಳದ ಕಾಳು ನೆನೆಹಾಕಿ. ಬೆಳಗ್ಗೆ ಹೆಸರುಕಾಳಿನ ಸಿಪ್ಪೆ ಜಾರಿಸಿದರೆ ಎರಡು ಬೇಳೆ, ನಡುವೆ ಪುಟ್ಟ ಮೊಳಕೆ. ಅದು ದ್ವಿದಳ, ಡೈಕಾಟ್. ಜೋಳ ಎಷ್ಟು ಹಿಚುಕಿದರೂ ಹಾಗೆ ಎರಡಾಗುವುದಿಲ್ಲ. ಅದು ಏಕದಳ, ಮಾನೋಕಾಟ್. ನೋಟ್‌ಬುಕ್ಕಿನಲ್ಲಿ ಎರಡು ಪದ ಬರೆದುಕೊಳ್ಳಿ. ಉಳಿದ ಹೆಸರುಕಾಳಿಗೆ ಅಜ್ಜಿ ಒಗ್ಗರಣೆ ಹಾಕುತ್ತಾರೆ.