ಕ್ಷಯಚಿಕಿತ್ಸೆಯ ಮಾರ್ಗಸೂಚಿ ಮತ್ತು ಫಾರ್ಮಸಿ ವಿದ್ಯಾರ್ಥಿಗಳ ಅರಿವು: ಒಂದು ಜಾನಪದೀಯ ನೋಟ

ಕ್ಷಯರೋಗವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಜನರ ಅಜ್ಞಾನದ ಪ್ರಸ್ತಾಪದಿಂದಲೇ ಆರಂಭವಾಗುತ್ತವೆ. ಈ ಗ್ರಹಿಕೆಯನ್ನು ಪ್ರಶ್ನಿಸಿದ ಮಹತ್ವದ ಅಧ್ಯಯನವೊಂದು ಕರ್ನಾಟಕದಲ್ಲಿಯೇ ನಡೆದಿದೆ. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಸಮಾಜಶಾಸ್ತ್ರೀಯ ಅಧ್ಯಯನವು ೧೯೬೩ರಲ್ಲಿ ಪ್ರಕಟವಾಯಿತು. ಬಹುತೇಕ ರೋಗಿಗಳಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು; ಅರ್ಧಕ್ಕೂ ಹೆಚ್ಚು ಮಂದಿ ಆಧುನಿಕ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧದ ಸೀಸೆ ಮಾತ್ರ.

ಇಂದು ಆ ಸೀಸೆಯನ್ನು ಕೇಳಿಕೊಂಡು ಅನೇಕರು ನೇರವಾಗಿ ಔಷಧ ಅಂಗಡಿಗೇ ಬರುತ್ತಾರೆ. ಆದುದರಿಂದ ನಾಳೆ ಅಲ್ಲಿ ನಿಲ್ಲಲಿರುವ ಫಾರ್ಮಸಿ ವಿದ್ಯಾರ್ಥಿಯ ತಿಳಿವಳಿಕೆಯು ರೋಗಿಯ ಅಳಿವು ಉಳಿವಿನ ಪ್ರಶ್ನೆಯಾಗಿದೆ.

ವಿದ್ಯಾರ್ಥಿಯು ತಿಳಿದಿರಬೇಕಾದ ಸಂಗತಿಗಳು ಸ್ಪಷ್ಟವಾಗಿವೆ. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಅಗತ್ಯ. ಔಷಧಗಳಿಗೆ ಮಣಿಯುವ ಕ್ಷಯಕ್ಕೆ ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮತ್ತು ಎಥಾಂಬ್ಯುಟಾಲ್ ಎಂಬ ನಾಲ್ಕನ್ನು, ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಹೊರತುಪಡಿಸಿ ಉಳಿದ ಮೂರನ್ನು ಕೊಡಲಾಗುತ್ತದೆ. ವಾರಕ್ಕೆ ಮೂರು ಬಾರಿ ಔಷಧ ನೀಡುತ್ತಿದ್ದ ರಾಷ್ಟ್ರೀಯ ಕಾರ್ಯಕ್ರಮವು ೨೦೧೭ರಲ್ಲಿ ದೇಶದಾದ್ಯಂತ ದೈನಂದಿನ ಸೇವನೆಯ ಕ್ರಮಕ್ಕೆ ಬದಲಾಯಿತು. ಹಳೆಯ ಪಠ್ಯವನ್ನೇ ನೆಚ್ಚಿದವರು ಇಲ್ಲಿ ಎಡವುವ ಸಾಧ್ಯತೆಯಿದೆ. ೨೦೧೪ರ ಮಾರ್ಚ್‌ನಿಂದ ಈ ಔಷಧಗಳ ಮಾರಾಟವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡುವುದು ಕಡ್ಡಾಯವಾಗಿದೆ. ೨೦೧೮ರ ಅಧಿಸೂಚನೆಯು ಕ್ಷಯರೋಗಿಗಳ ಮಾಹಿತಿ ನೀಡುವ ಹೊಣೆಯನ್ನು ಔಷಧ ವ್ಯಾಪಾರಿಗಳಿಗೂ ವಹಿಸಿದೆ.

ಆದರೆ ಇವೆಲ್ಲವನ್ನೂ ಬಲ್ಲ ವಿದ್ಯಾರ್ಥಿಯೂ ಜನರ ರೋಗಕಲ್ಪನೆಯನ್ನು ಅರಿಯದಿದ್ದರೆ ಅವನ ತಿಳಿವು ರೋಗಿಯನ್ನು ತಲುಪದು. 'ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ' ಎಂಬ ಗಾದೆ ಇಲ್ಲಿ ಸಲ್ಲುವುದಿಲ್ಲ. ಕೆಲವು ವಾರಗಳಲ್ಲಿ ಕೆಮ್ಮು ತಗ್ಗಿ ಮೈಯಲ್ಲಿ ಕಸುವು ಮೂಡಿದಾಗ ರೋಗಿಯು ಮಾತ್ರೆ ಬಿಡಬಯಸುತ್ತಾನೆ. ಹಾಗೆ ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು. ಔಷಧಕ್ಕೆ ಜಗ್ಗದ ರೂಪವನ್ನೂ ತಾಳಬಹುದು. ರಿಫಾಂಪಿಸಿನ್‌ನಿಂದ ಮೂತ್ರವು ಕೆಂಪು ಛಾಯೆ ಪಡೆದಾಗ ಉಷ್ಣ-ತಂಪುಗಳ ಪರಿಭಾಷೆಯಲ್ಲಿ ಬೆಳೆದ ಮನಸ್ಸು 'ಮಾತ್ರೆ ಉಷ್ಣವಾಯಿತು' ಎಂದು ತೀರ್ಮಾನಿಸುವುದು ಸಹಜ. ಅದು ಔಷಧದ ಬಣ್ಣವೆಂದು ಮೊದಲೇ ತಿಳಿಸಬೇಕು. ಕಣ್ಣು ಹಳದಿಯಾದರೆ ಅಥವಾ ದೃಷ್ಟಿ ಮಂಜಾದರೆ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು.

ಒಂದು ಮಂಡಲ ಕಾಲ ಪಥ್ಯ ಹಿಡಿದು ಔಷಧ ಸೇವಿಸುವ ಕ್ರಮ ನಮ್ಮ ಜನರಿಗೆ ಅಪರಿಚಿತವೇನಲ್ಲ. ಅವಧಿ ಮುಗಿಯುವ ಮುನ್ನ ಪಥ್ಯ ಮುರಿಯಬಾರದೆಂಬ ಈ ಪರಂಪರಾಗತ ಶಿಸ್ತು ಆರು ತಿಂಗಳ ಚಿಕಿತ್ಸೆಯನ್ನು ವಿವರಿಸಲು ಸಿದ್ಧವಾಗಿರುವ ಸಾಧನ. ಆದುದರಿಂದ ವಿದ್ಯಾರ್ಥಿಗಳ ಅರಿವನ್ನು ಅಳೆಯುವ ಪ್ರಶ್ನಾವಳಿಗಳು ಔಷಧಗಳ ಹೆಸರು, ಅವಧಿಗಳ ಜೊತೆಗೆ, 'ಮಾತ್ರೆ ಬಿಡುತ್ತೇನೆ ಎನ್ನುವವರಿಗೆ ಅವರ ಮಾತಿನಲ್ಲಿ ಏನು ಹೇಳುವಿರಿ?' ಎಂದೂ ಕೇಳಬೇಕು. ತುಮಕೂರಿನ ಹಳ್ಳಿಗರು ಅಂದು ಚಿಕಿತ್ಸೆಯ ಬಾಗಿಲವರೆಗೆ ಬಂದಿದ್ದರು. ಬಂದವರನ್ನು ಗುರುತಿಸಿ ಮಾತನಾಡಿಸಬಲ್ಲವರನ್ನು ತಯಾರುಮಾಡುವುದು ಶಿಕ್ಷಣದ ಹೊಣೆ.